ನಮ್ಮ ಗಂಟೆಗಳನ್ನು ಬರೆಯುವವರು ಯಾರು?

ಮಾನ್ಯ ಸಂಪಾದಕರೇ,

ಕೆಲಸದ ಅವಧಿಯ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರುವ ಸುದ್ದಿ, ಲೇಖನ, ವಾಚಕರ ಪತ್ರ ಯಾವುದನ್ನೂ ನಾನು ಬಿಡದೆ ಓದುತ್ತೇನೆ. 2023ರ ಅಕ್ಟೋಬರ್‌ನಲ್ಲಿ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ಎಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಮುಖ್ಯಸ್ಥರ 90 ಗಂಟೆಯ ಮಾತು ಹೊರಬಂತು. ಅದೇ ವರ್ಷ ಜೂನ್‌ನಲ್ಲಿ ನಮ್ಮ ಕಾರ್ಮಿಕ ಇಲಾಖೆ ದಿನದ 9 ಗಂಟೆಯನ್ನು 10 ಮಾಡುವ, ಓವರ್‌ಟೈಮ್ ಸೇರಿಸಿ 12ರವರೆಗೆ ಹೋಗಲು ಬಿಡುವ ಪ್ರಸ್ತಾವ ಮುಂದಿಟ್ಟಿತು. ಐಟಿ ನೌಕರರ ಸಂಘ ವಿರೋಧಿಸಿತು. ಎಲ್ಲ ಕಡೆ ಎಷ್ಟು ಗಂಟೆ ಎನ್ನುವುದೇ ಮಾತು. ಆ ಗಂಟೆಯನ್ನು ಯಾರು ಬರೆಯುತ್ತಾರೆ, ಬರೆದದ್ದು ಸರಿಯೇ ಎಂದು ಯಾರು ನೋಡುತ್ತಾರೆ ಎಂದು ಯಾರೂ ಕೇಳಿದ್ದು ಕಾಣಲಿಲ್ಲ. ಈಗ ಗಂಟೆ ಬರೆಯುವ ಕೆಲಸ ಮನುಷ್ಯರ ಕೈಯಿಂದ ಆಟೊಮೇಷನ್ ಮತ್ತು ಎಐ ಏಜೆಂಟ್‌ಗಳ (ಹೇಳಿದ ಕೆಲಸವನ್ನು ತಾವೇ ಯೋಚಿಸಿ ಮಾಡುವ ಸಾಫ್ಟ್‌ವೇರ್‌ಗಳ) ಕೈಗೆ ಹೋಗುತ್ತಿದೆ. ನಮ್ಮ ಆಫೀಸಿನಲ್ಲೇ ಹೋಗಿದೆ. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ದಾವಣಗೆರೆಯಲ್ಲಿ ಏಳು ಜನರ ಸಣ್ಣ ಆಫೀಸ್ ನಡೆಸುತ್ತೇನೆ. ಅಂಗಡಿ, ಶಾಲೆ, ಹೊರರಾಜ್ಯದ ಒಂದೆರಡು ಕಂಪನಿಗಳಿಗೆ ವೆಬ್‌ಸೈಟ್, ಆ್ಯಪ್ ಮಾಡಿಕೊಡುತ್ತೇವೆ, ಮಾಡಿಕೊಟ್ಟದ್ದನ್ನು ನೋಡಿಕೊಳ್ಳುತ್ತೇವೆ. ನಮಗೆ ದುಡ್ಡು ಬರುವುದು ಗಂಟೆ ಲೆಕ್ಕದಲ್ಲಿ. ಯಾರು ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೂತರು ಎಂದು ಬರೆದರೆ ಬಿಲ್, ಬಿಲ್ ಆದರೆ ಸಂಬಳ.

ನಮ್ಮ ಅಪ್ಪ ಇಲ್ಲಿಯ ಒಂದು ಕಾಟನ್ ಮಿಲ್‌ನಲ್ಲಿ ಕೆಲಸಕ್ಕಿದ್ದರು. ಮಿಲ್ಲಿನ ಸೈರನ್ ಕೂಗುವ ಹೊತ್ತಿಗೆ ಗೇಟಿನ ಒಳಗಿರಬೇಕು. ಹಾಜರಿ ಬರೆಯುವವರು ಬೇರೆ. ಆದರೂ ಅಪ್ಪ ಅಂಗಿ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು, ಯಾವ ಪಾಳಿ, ಎಷ್ಟು ಹೊತ್ತು ಹೆಚ್ಚಿಗೆ ನಿಂತೆ ಎಂದು ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತಿದ್ದರು. ಒಂದು ತಿಂಗಳು ಓವರ್‌ಟೈಮ್ ಲೆಕ್ಕದಲ್ಲಿ ಎರಡು ಪಾಳಿ ಬಿಟ್ಟುಹೋಗಿತ್ತು. ನೋಟ್‌ಬುಕ್ ತೋರಿಸಿ ಕೇಳಿದರು, ದುಡ್ಡು ಬಂತು. ನಾನು ಆಗ ಚಿಕ್ಕವಯಸ್ಸಿನಲ್ಲಿದ್ದೆ, ಆದರೂ ಆ ದಿನ ಇನ್ನೂ ನೆನಪಿದೆ.

ನಮ್ಮ ಆಫೀಸಿನಲ್ಲಿ ಮೊದಲು ಪ್ರತಿ ಶುಕ್ರವಾರ ಸಂಜೆ ಟೈಮ್‌ಶೀಟ್ ತುಂಬುವ ಪದ್ಧತಿ ಇತ್ತು. ಸೋಮವಾರ ಏನು ಮಾಡಿದೆ ಎಂದು ಶುಕ್ರವಾರ ಯಾರಿಗೆ ನೆನಪಿರುತ್ತದೆ ಹೇಳಿ? ಎಲ್ಲರೂ 8, 8, 8, 8, 8 ಎಂದು ಬರೆದು ಮನೆಗೆ ಹೋಗುತ್ತಿದ್ದರು. ಆಮೇಲೆ ಟೈಮರ್ ಒತ್ತುವ ಸಾಫ್ಟ್‌ವೇರ್ ತಂದೆವು. ಟಾಗಲ್, ಕ್ಲಾಕಿಫೈ, ಹಾರ್ವೆಸ್ಟ್ ಹೀಗೆ ಬಹಳ ಇವೆ, ನಾವು ಯಾವುದನ್ನು ಬಳಸುತ್ತೇವೆ ಎನ್ನುವುದು ಇಲ್ಲಿ ಮುಖ್ಯ ಅಲ್ಲ. ಕೆಲಸ ಶುರು ಮಾಡುವಾಗ ಒತ್ತಬೇಕು, ನಿಲ್ಲಿಸುವಾಗ ಒತ್ತಬೇಕು. ಅದೂ ಮರೆತುಹೋಗುತ್ತದೆ. ಸಂಜೆ ನಿಲ್ಲಿಸದೆ ಹೋದವರ ಟೈಮರ್ ರಾತ್ರಿಯಿಡೀ ಓಡಿ ಬೆಳಿಗ್ಗೆ 14 ಗಂಟೆ ತೋರಿಸುತ್ತದೆ.

ಹಾಗಾಗಿ ಆಟೊಮೇಷನ್ ಜೋಡಿಸಿದೆವು. ಝೇಪಿಯರ್, ಮೇಕ್, ಎನ್‌ಏಟ್‌ಎನ್ ತರಹದ ಸಾಧನಗಳು ಗೊತ್ತಿರುವವರಿಗೆ ಇದು ಹೊಸದಲ್ಲ. ಇದಾದರೆ ಅದನ್ನು ಮಾಡು ಎಂದು ಹೇಳಿಟ್ಟರೆ ಅಷ್ಟನ್ನು ಮಾಡುತ್ತವೆ. ಕೆಲಸದ ಪಟ್ಟಿಯಲ್ಲಿ ಒಂದು ಕಾರ್ಡನ್ನು 'ಶುರುವಾಗಿದೆ' ಎಂಬ ಕಡೆಗೆ ಸರಿಸಿದರೆ ಟೈಮರ್ ತಾನೇ ಓಡುತ್ತದೆ. ರಾತ್ರಿ 8ಕ್ಕೂ ಓಡುತ್ತಿದ್ದರೆ ಫೋನಿಗೆ ಮೆಸೇಜ್ ಬರುತ್ತದೆ. ತಿಂಗಳ ಕೊನೆಯ ದಿನ ಬಿಲ್ಲಿನ ಕರಡು ತಯಾರಾಗಿರುತ್ತದೆ. ಮೊದಲು ತಿಂಗಳಿಗೆ ಎರಡು ದಿನ ಬಿಲ್ ಮಾಡುವುದಕ್ಕೇ ಹೋಗುತ್ತಿತ್ತು, ಈಗ ಒಂದು ಬೆಳಿಗ್ಗೆ ಸಾಕು. ಇದರಿಂದ ನಮಗೆ ನಿಜವಾಗಿಯೂ ಉಪಕಾರವಾಗಿದೆ.

ಎಐ ಸೇರಿಸಿದ ಮೇಲೆ ಆದ ಇನ್ನೊಂದು ಒಳ್ಳೆಯದನ್ನು ನಾನು ಹೇಳಲೇಬೇಕು. ಪ್ರತಿ ಎಂಟ್ರಿಗೂ ಏನು ಕೆಲಸ ಎಂದು ಒಂದು ಸಾಲು ಬರೆಯಬೇಕು, ಅದು ಕ್ಲೈಂಟ್‌ಗೆ ಇಂಗ್ಲಿಷ್‌ನಲ್ಲಿ ಹೋಗಬೇಕು. ನಮ್ಮಲ್ಲಿ ಇಬ್ಬರು ಹುಡುಗರು ಹರಪನಹಳ್ಳಿ, ಜಗಳೂರು ಕಡೆಯವರು, ಕೆಲಸದಲ್ಲಿ ಗಟ್ಟಿ, ಆದರೆ ಇಂಗ್ಲಿಷ್‌ನಲ್ಲಿ ಬರೆಯಲು ಸಂಕೋಚ. ಎಲ್ಲದಕ್ಕೂ 'ವರ್ಕ್' ಎಂದು ಒಂದೇ ಪದ ಬರೆಯುತ್ತಿದ್ದರು. ಕ್ಲೈಂಟ್‌ಗೆ ಅದು ಸರಿ ಕಾಣುತ್ತಿರಲಿಲ್ಲ, ಮೂರು ಗಂಟೆ ಏನು ಮಾಡಿದಿರಿ ಎಂದು ಕೇಳುತ್ತಿದ್ದರು. ಈಗ ಅವರು 'ಫೀಸ್ ಕಟ್ಟುವ ಪೇಜ್ ಮೊಬೈಲ್‌ನಲ್ಲಿ ತೆರೀತಿರ್ಲಿಲ್ಲ, ಯಾಕೆ ಅಂತ ಹುಡುಕಿ ಸರಿ ಮಾಡಿದೆ' ಎಂದು ಕನ್ನಡದಲ್ಲೇ ಬರೆಯುತ್ತಾರೆ. ಏಜೆಂಟ್ ಅದನ್ನು ಇಂಗ್ಲಿಷ್ ಮಾಡುತ್ತದೆ, ಅವರು ಒಮ್ಮೆ ನೋಡಿ ಒಪ್ಪುತ್ತಾರೆ. ಅವರು ಮಾಡಿದ ಕೆಲಸ ಏನು ಎಂದು ಕ್ಲೈಂಟ್‌ಗೆ ಮೊದಲ ಸಲ ಸರಿಯಾಗಿ ಗೊತ್ತಾಯಿತು.

ಆದರೆ ತಪ್ಪುಗಳೂ ಆದವು, ಅವು ಸಣ್ಣವಲ್ಲ.

ಮೊದಲನೆಯದು, ಓಡುತ್ತಿರುವ ಟೈಮರ್‌ನದು. ಟೈಮರ್ ಇನ್ನೂ ನಿಂತಿಲ್ಲದಿದ್ದರೆ ಕೆಲವು ಸಾಫ್ಟ್‌ವೇರ್‌ಗಳು ಅವಧಿಯ ಜಾಗದಲ್ಲಿ ಮೈನಸ್ ಸಂಖ್ಯೆ ಕೊಡುತ್ತವೆ, ಇದು ಇನ್ನೂ ಮುಗಿದಿಲ್ಲ ಎನ್ನುವುದಕ್ಕೆ ಗುರುತಾಗಿ. ನಮ್ಮ ಆಟೊಮೇಷನ್‌ಗೆ ಅದನ್ನು ನಾವು ಹೇಳಿಕೊಟ್ಟಿರಲಿಲ್ಲ. ಸಂಜೆ 7ಕ್ಕೆ ದಿನದ ಲೆಕ್ಕ ಕೂಡಿಸುವಾಗ ಐದು ಗಂಟೆ ಕಾಲ ಒಂದೇ ಕೆಲಸದಲ್ಲಿ ಕೂತಿದ್ದವರ ಎಂಟ್ರಿಯನ್ನು ಅದು ಮೈನಸ್ ಒಂದು ಸೆಕೆಂಡ್ ಎಂದು ಕೂಡಿಸಿತು. ಬೇಗ ಮನೆಗೆ ಹೋದವರ ಲೆಕ್ಕ ಸರಿ ಬಂತು, ಕೂತು ದುಡಿಯುತ್ತಿದ್ದವರ ಐದು ಗಂಟೆ ಮಾಯವಾಯಿತು. ಎರಡು ವಾರ ನಮಗೆ ಗೊತ್ತೇ ಆಗಲಿಲ್ಲ.

ಎರಡನೆಯದು, ಐದೂವರೆ ಗಂಟೆಯ ವಿಷಯ. ಈ ಸಾಫ್ಟ್‌ವೇರ್‌ಗಳು ಒಳಗೆ ಸಮಯವನ್ನು ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯದಲ್ಲಿ, ಇಟ್ಟುಕೊಳ್ಳುತ್ತವೆ, ನಮ್ಮ ಗಡಿಯಾರ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಅಂದರೆ ಬೆಳಗಿನ ಐದೂವರೆಗೆ ಮೊದಲು ಮಾಡಿದ ಯಾವ ಕೆಲಸವೂ ಯುಟಿಸಿ ಲೆಕ್ಕದಲ್ಲಿ ಹಿಂದಿನ ದಿನದ್ದು. ಒಂದು ತಿಂಗಳ ಕೊನೆಯ ರಾತ್ರಿ ಒಬ್ಬ ಕ್ಲೈಂಟ್‌ನ ಹೊಸ ಆ್ಯಪ್ ಬಿಡುಗಡೆ ಇತ್ತು, ನಮ್ಮವರೊಬ್ಬರು 12ರಿಂದ 3ರವರೆಗೆ ಎದ್ದು ಕೂತು ಕೆಲಸ ಮಾಡಿದರು. ನಮ್ಮ ಪ್ರಕಾರ ಅದು ಒಂದನೇ ತಾರೀಕು. ಸಾಫ್ಟ್‌ವೇರ್ ಪ್ರಕಾರ ಹಿಂದಿನ ತಿಂಗಳ ಕೊನೆಯ ದಿನ. ಆ ತಿಂಗಳ ಬಿಲ್ ರಾತ್ರಿ 11ಕ್ಕೇ ತಯಾರಾಗಿ ಹೋಗಿತ್ತು, ಮುಂದಿನ ತಿಂಗಳ ಬಿಲ್ಲಿನಲ್ಲಿ ಅದು ಬರಲಿಲ್ಲ. ನಡುರಾತ್ರಿಯ ಮೂರು ಗಂಟೆ ಯಾವ ತಿಂಗಳಿಗೂ ಸೇರಲಿಲ್ಲ. ಅವರು ಕೇಳದೇ ಇದ್ದಿದ್ದರೆ ಅದು ಹಾಗೇ ಹೋಗಿರುತ್ತಿತ್ತು. ಹಗಲು ಕೆಲಸ ಮಾಡುವವರಿಗೆ ಇದರ ಬಿಸಿ ತಟ್ಟುವುದಿಲ್ಲ ನೋಡಿ. ರಾತ್ರಿ ಪಾಳಿಯವರಿಗೆ ಮಾತ್ರ ತಟ್ಟುತ್ತದೆ.

ಒಂದೇ ಎಂಟ್ರಿ ಎರಡು ಸಲ ಬರುವುದೂ ಇದೆ. ಕಳಿಸಿದ ಸುದ್ದಿಗೆ ಬೇಗ ಉತ್ತರ ಬಾರದಿದ್ದರೆ ಸಾಫ್ಟ್‌ವೇರ್ ಇನ್ನೊಮ್ಮೆ ಕಳಿಸುತ್ತದೆ, ತೆಗೆದುಕೊಳ್ಳುವ ಕಡೆ ಎಂಟ್ರಿಯ ನಂಬರ್ ನೋಡಿ ಇದು ಆಗಲೇ ಬಂದಿದೆ ಎಂದು ಬಿಡದಿದ್ದರೆ ಕ್ಲೈಂಟ್‌ಗೆ ಎರಡು ಪಟ್ಟು ಬಿಲ್.

ಇಷ್ಟು ಆಟೊಮೇಷನ್ ತಪ್ಪು. ಇವನ್ನು ಹುಡುಕಿದರೆ ಸಿಗುತ್ತವೆ, ಒಮ್ಮೆ ಸರಿ ಮಾಡಿದರೆ ಸರಿಯಾಗುತ್ತವೆ. ಏಜೆಂಟ್ ವಿಷಯ ಹಾಗಲ್ಲ. ಆಟೊಮೇಷನ್‌ಗೆ ದಾರಿ ನಾವು ಹಾಕಿಕೊಡುತ್ತೇವೆ. ಏಜೆಂಟ್‌ಗೆ ಊರು ಹೇಳಿದರೆ ಸಾಕು, ದಾರಿ ಅದೇ ಹುಡುಕಿಕೊಳ್ಳುತ್ತದೆ. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಎಂಬ ಎಐ ಕಂಪನಿ ಎಂಸಿಪಿ ಎಂಬ ಒಂದು ಮುಕ್ತ ಪದ್ಧತಿಯನ್ನು ಬಿಡುಗಡೆ ಮಾಡಿತು. ಅದರ ಮೂಲಕ ಟೈಮ್ ಸಾಫ್ಟ್‌ವೇರ್, ಕ್ಯಾಲೆಂಡರ್, ಚಾಟ್, ಕೋಡ್ ಇಡುವ ಜಾಗ ಎಲ್ಲವನ್ನೂ ಒಂದೇ ಏಜೆಂಟ್‌ಗೆ ಜೋಡಿಸುವುದು ಬಹಳ ಸುಲಭವಾಯಿತು. ಟೈಮರ್ ಶುರು ಮಾಡು, ನಿಲ್ಲಿಸು, ಎಂಟ್ರಿ ತಿದ್ದು, ಅಳಿಸು ಎಂಬ ಕೆಲಸಗಳ ಪಟ್ಟಿ ಅದರ ಮುಂದೆ ಇರುತ್ತದೆ. ಯಾವಾಗ ಯಾವುದು ಎಂದು ಅದೇ ನಿರ್ಧರಿಸುತ್ತದೆ.

ನಾವು ಮೊದಲ ಸಲ ಅದಕ್ಕೆ 'ಈ ವಾರ ಎಲ್ಲರ ಟೈಮ್‌ಶೀಟ್‌ನಲ್ಲಿ ಖಾಲಿ ಇರುವುದನ್ನು ತುಂಬು' ಎಂದು ಹೇಳಿದೆವು. ಎರಡು ನಿಮಿಷದಲ್ಲಿ ತುಂಬಿತು. ನೋಡಲು ಚೊಕ್ಕವಾಗಿತ್ತು. ಒಂದೊಂದಾಗಿ ಓದಿದಾಗ ನನಗೆ ಭಯವಾಯಿತು.

ನಮ್ಮಲ್ಲಿ ಒಬ್ಬ ಹುಡುಗಿ ಬುಧವಾರ ಮಧ್ಯಾಹ್ನ ಮೂರು ಗಂಟೆ ಕಂಪ್ಯೂಟರ್ ಮುಟ್ಟಿರಲಿಲ್ಲ. ಕೋಡ್ ಇಲ್ಲ, ಮೀಟಿಂಗ್ ಇಲ್ಲ, ಮೆಸೇಜ್ ಇಲ್ಲ. ಏಜೆಂಟ್ ಅಲ್ಲಿ 'ಬಿಡುವು' ಎಂದು ಬರೆದಿತ್ತು. ಅವಳು ಆ ಮೂರು ಗಂಟೆ ಏನು ಮಾಡುತ್ತಿದ್ದಳು ಎಂದು ನಾನೇ ಕಣ್ಣಾರೆ ನೋಡಿದ್ದೆ. ಒಂದು ಕಿರಾಣಿ ಸಗಟು ಅಂಗಡಿಯವರ ದಾಸ್ತಾನು ಲೆಕ್ಕ ಪ್ರತಿ ತಿಂಗಳೂ ಯಾಕೆ ತಪ್ಪುತ್ತದೆ ಎಂದು ಪ್ರಿಂಟ್ ತೆಗೆದ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು, ಪೆನ್ ಹಿಡಿದು, ಅಂಗಡಿಯವರ ಜೊತೆ ಫೋನಿನಲ್ಲಿ ಮಾತಾಡುತ್ತಾ ಕೂತಿದ್ದಳು. ಅರ್ಧ ಮೂಟೆ ಮಾರಿದರೆ ಲೆಕ್ಕ ಪೂರ್ತಿ ಮೂಟೆ ಹಿಡಿಯುತ್ತಿತ್ತು, ಅದನ್ನು ಕಂಡುಹಿಡಿದಳು. ಆ ವಾರ ನಮ್ಮ ಆಫೀಸಿನಲ್ಲಿ ಆದ ಅತ್ಯಂತ ಬೆಲೆಯುಳ್ಳ ಕೆಲಸ ಅದು. ಅದಕ್ಕೆ ಬಿಡುವು ಎಂಬ ಹೆಸರು ಬಂತು, ಯಾಕೆಂದರೆ ಕಂಪ್ಯೂಟರ್‌ನಲ್ಲಿ ಗುರುತು ಬಿಡದ ಕೆಲಸ ಏಜೆಂಟ್‌ನ ಕಣ್ಣಿಗೆ ಕೆಲಸವೇ ಅಲ್ಲ.

ಅದೇ ವಾರ ಇನ್ನೊಬ್ಬರ ಕ್ಯಾಲೆಂಡರ್‌ನಲ್ಲಿ ಗುರುವಾರ ಎರಡು ಗಂಟೆಯ ಮೀಟಿಂಗ್ ಇತ್ತು. ಫೋನಿನಲ್ಲಿ ಮಾತಾಡಿ ಅದನ್ನು ರದ್ದು ಮಾಡಿಕೊಂಡಿದ್ದರು, ಕ್ಯಾಲೆಂಡರ್‌ನಿಂದ ತೆಗೆದಿರಲಿಲ್ಲ. ಏಜೆಂಟ್ ಆ ಎರಡು ಗಂಟೆಯನ್ನು ಬಿಲ್‌ಗೆ ಸೇರಿಸಿತ್ತು, 'ವಿನ್ಯಾಸದ ಬಗ್ಗೆ ಚರ್ಚೆ' ಎಂಬ ವಿವರದ ಸಮೇತ. ನಡೆಯದ ಮೀಟಿಂಗ್‌ಗೆ ವಿವರ! ನಾವು ನೋಡದೆ ಕಳಿಸಿದ್ದರೆ ಮಾಡದ ಕೆಲಸಕ್ಕೆ ದುಡ್ಡು ಕೇಳಿದ ಹಾಗಾಗುತ್ತಿತ್ತು. ನಮ್ಮಂಥ ಊರಿನಲ್ಲಿ ವ್ಯಾಪಾರ ನಡೆಯುವುದು ನಂಬಿಕೆ ಮೇಲೆ. ಒಮ್ಮೆ ಹೋದರೆ ಹೋಯಿತು.

ಅದಾದ ಮೇಲೆ ನಾವು ಪದ್ಧತಿ ಬದಲಿಸಿದೆವು. ಏಜೆಂಟ್ ಬರೆಯುವುದು ಕರಡು ಮಾತ್ರ. ಪ್ರತಿ ಸಾಲಿನ ಪಕ್ಕದಲ್ಲಿ ಇದನ್ನು ಎಲ್ಲಿಂದ ತೆಗೆದುಕೊಂಡೆ ಎಂದು ಬರೆಯಬೇಕು, ಕ್ಯಾಲೆಂಡರ್‌ನಿಂದಲೋ, ಕೋಡ್‌ನಿಂದಲೋ. ಗೊತ್ತಿಲ್ಲದ್ದನ್ನು ಖಾಲಿ ಬಿಡಬೇಕು, ಊಹಿಸಿ ತುಂಬುವ ಹಾಗಿಲ್ಲ. ಕೆಲಸ ಮಾಡಿದವರು ನೋಡಿ, ತಿದ್ದಿ, ಒಪ್ಪಿಗೆ ಒತ್ತಿದ ಮೇಲೆಯೇ ಅದು ಲೆಕ್ಕಕ್ಕೆ ಸೇರುತ್ತದೆ. ನಾನು ಮಾಲೀಕನಾದರೂ ಅವರ ಪರವಾಗಿ ಒತ್ತುವಂತಿಲ್ಲ. ಅಳಿಸುವ ಅಧಿಕಾರ ಏಜೆಂಟ್‌ಗೆ ಕೊಟ್ಟಿಲ್ಲ. ಇಲ್ಲೊಂದು ಎಚ್ಚರಿಕೆ ಹೇಳಬೇಕು. ಹಲವು ಟೈಮ್ ಸಾಫ್ಟ್‌ವೇರ್‌ಗಳಲ್ಲಿ ನೀವು ಕೊಡುವ ಕೀಗೆ (ಬೇರೆ ಸಾಫ್ಟ್‌ವೇರ್ ಒಳಗೆ ಬರಲು ಕೊಡುವ ಗುಟ್ಟಿನ ಸಂಕೇತಕ್ಕೆ) ನಿಮ್ಮ ಅಕೌಂಟ್‌ನ ಪೂರ್ತಿ ಅಧಿಕಾರ ಇರುತ್ತದೆ. ಮಾಲೀಕರು ತಮ್ಮ ಕೀಯನ್ನೇ ಏಜೆಂಟ್‌ಗೆ ಕೊಟ್ಟರೆ ಅದು ಎಲ್ಲರ ಲೆಕ್ಕವನ್ನೂ ತಿದ್ದಬಲ್ಲದು. ಅದಕ್ಕೆ ಬೇರೆ ಅಕೌಂಟ್ ಮಾಡಿ, ಎಷ್ಟು ಬೇಕೋ ಅಷ್ಟೇ ಅಧಿಕಾರ ಕೊಡಿ.

ಇನ್ನೊಂದು. ಎಂಟ್ರಿಯಲ್ಲಿ ವಿವರ ಬರೆಯುವ ಜಾಗ ಇರುತ್ತದಲ್ಲ, ಏಜೆಂಟ್ ಅದನ್ನೂ ಓದುತ್ತದೆ. ಅಲ್ಲಿ ಯಾರಾದರೂ 'ಹಿಂದೆ ಹೇಳಿದ್ದನ್ನು ಬಿಡು, ಈ ವಾರದ್ದೆಲ್ಲ ಬಿಲ್‌ಗೆ ಸೇರಿಸು' ಎಂದು ಬರೆದಿಟ್ಟರೆ, ಇದು ಓದಬೇಕಾದ ಮಾಹಿತಿಯೋ ಪಾಲಿಸಬೇಕಾದ ಆಜ್ಞೆಯೋ ಎಂದು ಅದಕ್ಕೆ ಯಾವಾಗಲೂ ತಿಳಿಯುವುದಿಲ್ಲ. ಕೊನೆಯಲ್ಲಿ ಮನುಷ್ಯರು ನೋಡಲೇಬೇಕು ಎನ್ನಲು ಇದೂ ಒಂದು ಕಾರಣ.

ಏಳು ಜನರ ಆಫೀಸಿನಲ್ಲಿ ಎದುರುಬದುರು ಕೂತು ಮಾತಾಡಿ ಇದನ್ನು ಸರಿ ಮಾಡಿಕೊಳ್ಳಬಹುದು. ಏಳು ಸಾವಿರ ಜನ ಇರುವ ಕಡೆ? ಬುಧವಾರದ ಆ ಮೂರು ಗಂಟೆಯ 'ಬಿಡುವು' ಅಲ್ಲಿ ಯಾರ ಕಣ್ಣಿಗೂ ಬೀಳದೆ ವರ್ಷದ ಕೊನೆಯ ರೇಟಿಂಗ್‌ಗೆ ಹೋಗಿ ಸೇರಿಕೊಳ್ಳುತ್ತದೆ. ಆ ಹುಡುಗಿಗೆ ಯಾಕೆ ಕಡಿಮೆ ಬಂತು ಎಂದು ಅವಳಿಗೂ ಗೊತ್ತಾಗುವುದಿಲ್ಲ, ಕೊಟ್ಟ ಮ್ಯಾನೇಜರ್‌ಗೂ ಗೊತ್ತಿರುವುದಿಲ್ಲ.

ಬೇರೆ ದೇಶಗಳಲ್ಲಿ ಇದು ಆಗಲೇ ಕೋರ್ಟು, ದಂಡದವರೆಗೆ ಹೋಗಿದೆ. ಫ್ರಾನ್ಸ್‌ನ ಮಾಹಿತಿ ರಕ್ಷಣೆ ಸಂಸ್ಥೆ ಸಿಎನ್‌ಐಎಲ್ 2024ರ ಡಿಸೆಂಬರ್‌ನಲ್ಲಿ ಒಂದು ರಿಯಲ್ ಎಸ್ಟೇಟ್ ಕಂಪನಿಗೆ 40,000 ಯೂರೊ ದಂಡ ಹಾಕಿತು. ಅಲ್ಲಿನ ಸಾಫ್ಟ್‌ವೇರ್ 3ರಿಂದ 15 ನಿಮಿಷ ಕೀಬೋರ್ಡ್, ಮೌಸ್ ಅಲ್ಲಾಡದಿದ್ದರೆ ಸುಮ್ನೆ ಕೂತಿದ್ದಾರೆ ಎಂದು ಬರೆದುಕೊಳ್ಳುತ್ತಿತ್ತು, ಆ ಹೊತ್ತಿಗೆ ಸಂಬಳ ಕಡಿತವೂ ಆಗಬಹುದಿತ್ತು. ಮೌಸ್ ಮುಟ್ಟದ ಹೊತ್ತಿನಲ್ಲೂ ಜನ ಮೀಟಿಂಗ್‌ನಲ್ಲಿ, ಫೋನಿನಲ್ಲಿ ಕೆಲಸ ಮಾಡುತ್ತಿರಬಹುದು ಎಂದು ಆ ಸಂಸ್ಥೆ ಹೇಳಿತು. ನಮ್ಮ ಬುಧವಾರದ ಕಥೆಯೇ, ಅಲ್ವಾ? ಹಾಗೆಂದು ಗಂಟೆ ಬರೆಯುವುದೇ ಬೇಡ ಎಂದು ನಾನು ಹೇಳುತ್ತಿಲ್ಲ. 2019ರ ಮೇ 14ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಸ್ಪೇನ್‌ನ ಒಂದು ಕಾರ್ಮಿಕ ಸಂಘ ಹಾಕಿದ ಕೇಸಿನಲ್ಲಿ, ಪ್ರತಿ ನೌಕರರ ದಿನದ ಅವಧಿ ಅಳೆಯುವ ನಂಬಬಹುದಾದ ವ್ಯವಸ್ಥೆಯನ್ನು ಮಾಲೀಕರು ಇಡಲೇಬೇಕು ಎಂದು ತೀರ್ಪು ಕೊಟ್ಟಿತು. ಗಂಟೆ ಬರೆಯದಿದ್ದರೆ ಓವರ್‌ಟೈಮ್ ಆಯಿತು ಎಂದು ನೌಕರರು ತೋರಿಸುವುದಾದರೂ ಹೇಗೆ? ಆ ತೀರ್ಪಿನಲ್ಲಿ ಗಂಟೆಯ ಲೆಕ್ಕ ಇರುವುದು ದುಡಿಯುವವರ ರಕ್ಷಣೆಗೆ. ಅದೇ ಲೆಕ್ಕವನ್ನು ಮೌಸ್ ಎಣಿಸುವ ಕೆಲಸಕ್ಕೆ ತಿರುಗಿಸಿದರೆ ಜನ ಮೌಸನ್ನೇ ಅಲ್ಲಾಡಿಸಲು ಕಲಿಯುತ್ತಾರೆ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕ್ 2024ರಲ್ಲಿ ಹನ್ನೆರಡಕ್ಕೂ ಹೆಚ್ಚು ಜನರನ್ನು ಕೀಬೋರ್ಡ್ ಬಳಸುತ್ತಿರುವ ಹಾಗೆ ತೋರಿಸಿದರು ಎಂಬ ಕಾರಣಕ್ಕೆ ತೆಗೆದುಹಾಕಿತು.

ನಮ್ಮ ಹಳ್ಳಿಗಳಲ್ಲೂ ಇದರ ಅನುಭವ ಇದೆ. ಉದ್ಯೋಗ ಖಾತ್ರಿ ಕೆಲಸದಲ್ಲಿ 2023ರ ಜನವರಿಯಿಂದ ಹಾಜರಿ ಆ್ಯಪ್‌ನಲ್ಲೇ ಆಗಬೇಕು, ದಿನಕ್ಕೆ ಎರಡು ಸಲ ಫೋಟೊ ಹಾಕಬೇಕು ಎಂದು ಮಾಡಿದರು. ನೆಟ್‌ವರ್ಕ್ ಸಿಗದ ಕಡೆ ಬೆವರು ಸುರಿಸಿದ ದಿನವೂ ಹಾಜರಿ ತಪ್ಪಿದ ದೂರುಗಳು ದೇಶದ ಎಲ್ಲ ಕಡೆಯಿಂದ ಬಂದವು. ಇನ್ನೊಂದು ಕಡೆ, ಫೋಟೊದ ಫೋಟೊ ತೆಗೆದು ಹಾಕುತ್ತಿದ್ದಾರೆ ಎಂದು 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಹೇಳಬೇಕಾಯಿತು. ಕೆರೆ ಹೂಳೆತ್ತುವವರಿಗೂ ಕೋಡ್ ಬರೆಯುವವರಿಗೂ ಸಮಸ್ಯೆ ಒಂದೇ: ಯಂತ್ರಕ್ಕೆ ಕಂಡರೆ ಮಾತ್ರ ಕೆಲಸ.

ಈಗ ನಮ್ಮ ಕಾನೂನಿಗೆ ಬರುತ್ತೇನೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9, ವಾರಕ್ಕೆ 48 ಗಂಟೆ ಎಂದಿದೆ. ಓವರ್‌ಟೈಮ್‌ಗೆ ಎರಡರಷ್ಟು ಕೂಲಿ, ಮೂರು ತಿಂಗಳಲ್ಲಿ 50 ಗಂಟೆಯ ಮಿತಿ. 2025ರ ಪ್ರಸ್ತಾವದಲ್ಲಿ ಆ 50ನ್ನು 144 ಮಾಡುವ ಮಾತಿತ್ತು. ಈ ಯಾವ ಸಂಖ್ಯೆಯೂ ಅದನ್ನು ಬರೆಯುವ ಪುಸ್ತಕ ಎಷ್ಟು ಸರಿ ಇದೆಯೋ ಅಷ್ಟೇ ಸರಿ. ನಡುರಾತ್ರಿಯ ಮೂರು ಗಂಟೆ ಯಾವ ತಿಂಗಳಿಗೂ ಸೇರದೆ ಹೋಗುವ ಲೆಕ್ಕದಲ್ಲಿ 50 ದಾಟಿತೋ ಇಲ್ಲವೋ ಎಂದು ಯಾವ ಇನ್‌ಸ್ಪೆಕ್ಟರ್ ಹೇಳಲು ಸಾಧ್ಯ? 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆಯಿಂದಲೂ ನೌಕರರಿಗೆ ಇಲ್ಲಿ ಜಾಸ್ತಿ ಬಲ ಸಿಗುವುದಿಲ್ಲ. ಉದ್ಯೋಗದ ಉದ್ದೇಶಕ್ಕೆ ಮಾಹಿತಿ ಬಳಸಲು ಮಾಲೀಕರು ಬೇರೆಯಾಗಿ ಒಪ್ಪಿಗೆ ಕೇಳಬೇಕಾಗಿಲ್ಲ ಎಂದು ಅದರಲ್ಲೇ ಇದೆ.

ಆದರೆ ಒಂದು ಒಳ್ಳೆಯ ದಾರಿ ನಮ್ಮ ರಾಜ್ಯವೇ ತೋರಿಸಿದೆ. ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ತಂದ ಕಾನೂನಿನಲ್ಲಿ, ತಾನಾಗಿಯೇ ಗಮನಿಸುವ ಮತ್ತು ತೀರ್ಮಾನ ಮಾಡುವ ವ್ಯವಸ್ಥೆಗಳು ತಮ್ಮ ಮೇಲೆ ಹೇಗೆ ನಡೆಯುತ್ತವೆ ಎಂದು ತಿಳಿಯುವ ಹಕ್ಕನ್ನು ಊಟ ತಂದುಕೊಡುವವರಿಗೆ, ಕ್ಯಾಬ್ ಓಡಿಸುವವರಿಗೆ ಕೊಟ್ಟಿದೆ. ಅದನ್ನೇ ಆಫೀಸು, ಅಂಗಡಿ, ಕಾಲ್ ಸೆಂಟರ್‌ನಲ್ಲಿ ಕೂತವರಿಗೂ ಕೊಡಿ ಎನ್ನುವುದು ನನ್ನ ಬೇಡಿಕೆ. ಅವಧಿಯ ಬಗ್ಗೆ ಕಾಯ್ದೆ ತಿದ್ದುವುದಾದರೆ ಅದರ ಜೊತೆಯಲ್ಲೇ ಮೂರು ಮಾತು ಸೇರಿಸಲಿ. ನನ್ನ ಹೆಸರಿನಲ್ಲಿ ಬರೆದ ಪ್ರತಿ ಗಂಟೆಯನ್ನೂ ನಾನು ನೋಡುವಂತಿರಬೇಕು, ಕನ್ನಡದಲ್ಲಿ. ತಪ್ಪಿದ್ದರೆ ತಿದ್ದಲು ಕೇಳುವ ಹಕ್ಕಿರಬೇಕು, ಕೇಳಿದ್ದು ದಾಖಲಾಗಬೇಕು. ಸಾಫ್ಟ್‌ವೇರ್ ಒಂದೇ ಬರೆದ, ಯಾವ ಮನುಷ್ಯರೂ ನೋಡಿ ಒಪ್ಪದ ಲೆಕ್ಕದ ಮೇಲೆ ಯಾರ ಸಂಬಳವನ್ನೂ ಹಿಡಿಯಬಾರದು, ಯಾರನ್ನೂ ತೆಗೆಯಬಾರದು.

ಮಾಲೀಕರಿಗೆ ಇದು ಭಾರ ಎಂದು ಹೇಳುವವರಿದ್ದಾರೆ. ನಾನೂ ಮಾಲೀಕನೇ, ಭಾರ ಎಷ್ಟು ಎಂದು ನೋಡಿದ್ದೇನೆ. ಶುಕ್ರವಾರ ಸಂಜೆ ತಲಾ ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ನಮ್ಮವರು ಖಾಲಿ ಬಿಟ್ಟ ಜಾಗಗಳಲ್ಲಿ ಏನೇನು ಬರೆಯುತ್ತಾರೆ ಎಂದು ಓದಿದಾಗ ನನಗೇ ಗೊತ್ತಿಲ್ಲದ ಎಷ್ಟೋ ಕೆಲಸ ಗೊತ್ತಾಗಿದೆ. ಹೊಸಬರಿಗೆ ಹೇಳಿಕೊಟ್ಟದ್ದು, ಕ್ಲೈಂಟ್‌ನ ಸಿಟ್ಟನ್ನು ಫೋನಿನಲ್ಲಿ ತಣಿಸಿದ್ದು, ಕರೆಂಟ್ ಹೋದಾಗ ಹಾಳೆ ಮೇಲೆ ಚಿತ್ರ ಬರೆದು ಮುಂದಿನ ವಾರದ ಕೆಲಸ ಯೋಚಿಸಿದ್ದು. ಇವೆಲ್ಲಕ್ಕೂ ಈಗ ನಮ್ಮ ಲೆಕ್ಕದಲ್ಲಿ ಜಾಗ ಇದೆ.

ನಿಮ್ಮಲ್ಲಿ ಒಂದು ವಿನಂತಿ. ಕೆಲಸದ ಅವಧಿಯ ಬಗ್ಗೆ ಇಲಾಖೆಯ ಕರಡು ಮತ್ತೆ ಬಂದರೆ ಅದನ್ನು ಪೂರ್ತಿ ಪ್ರಕಟಿಸಿ, ಆಕ್ಷೇಪಣೆ ಕಳಿಸುವ ವಿಳಾಸ ಮತ್ತು ಕೊನೆಯ ದಿನದ ಸಮೇತ. ನಮ್ಮ ಆಫೀಸಿನ ಏಳೂ ಜನ ಬರೆಯುತ್ತೇವೆ.

ಇಂತಿ,
ನಿಮ್ಮ ಓದುಗ,
ದಾವಣಗೆರೆ